ಸದ್ದಿಲ್ಲದ ಮೋಟರು

ಆ ಮನೆಯಲ್ಲಿ ಸೊಸೆಗೆ ಬಾಯಿ ಬರುತ್ತಿದ್ದದ್ದು ದಿನಕ್ಕೆ ಒಂದೇ ಹೊತ್ತು: ಎರಡು ಸಾವಿರ ವ್ಯಾಟಿನ ವ್ಯಾಕ್ಯೂಮ್ ಕ್ಲೀನರ್ ಊಳಿಡುವಾಗ. ಮೂರನೇ ಮಹಡಿಯ ಪುಟ್ಟ ಮನೆ, ಒಂದು ಕೋಣೆಯಲ್ಲಿ ನಿಟ್ಟುಸಿರಿಟ್ಟರೆ ಇನ್ನೊಂದರಿಂದ "ಏನಾಯ್ತು?" ಎಂದು ಪ್ರಶ್ನೆ ಬರುತ್ತಿತ್ತು. ಅತ್ತೆ ಅಂದದ್ದಕ್ಕೆಲ್ಲ ಬೆಳಗಿನಿಂದ 'ಹೂಂ' ಎಂದು ನುಂಗಿಕೊಂಡವಳು, ಮೋಟರು ಶುರುವಾದದ್ದೇ ತಡ, ಕಾರ್ಪೆಟ್ಟಿನ ಮೇಲೆ ಬಗ್ಗಿ ಒಂದೊಂದಕ್ಕೂ ಜವಾಬು ಕೊಡುತ್ತಿದ್ದಳು. ಗಟ್ಟಿಯಾಗಿ, ಬಾಯ್ತುಂಬ. ಸೋಫಾದಲ್ಲಿ ಕೂತ ಅತ್ತೆ ಕಾಲೆತ್ತಿ ದಾರಿ ಬಿಡುತ್ತಿದ್ದರು.

ಅವಳ ಗಂಡ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಸೇಲ್ಸ್‌ಮನ್. ಒಂದು ಸಂಜೆ ಹೊಸ ಮಿಷನ್ ಹೊತ್ತು ತಂದ.

"ಎಂಟುನೂರೇ ವ್ಯಾಟು, ಸದ್ದೇ ಇಲ್ಲ. ಹಳೇದನ್ನ ನಾಳೆ ಎಕ್ಸ್‌ಚೇಂಜಿಗೆ ಕೊಟ್ಟುಬಿಡ್ತೀನಿ."

ಅವಳು ಹಳೆಯದಕ್ಕೆ ಅಡ್ಡ ನಿಂತಳು. "ಅಷ್ಟು ಸಣ್ಣ ಮೋಟರಿಗೆ ಧೂಳು ಎಲ್ಲಿ ಬರುತ್ತೆ ರೀ?"

"ವ್ಯಾಟು ಅಂದ್ರೆ ಅದು ತಿನ್ನೋ ಕರೆಂಟು ಕಣೇ. ತಿಂದಷ್ಟೂ ದುಡಿಯೋ ಹಾಗಿದ್ರೆ ನಮ್ಮ ಮ್ಯಾನೇಜರ್ ಅಂಗಡಿಯನ್ನೇ ಹೊತ್ಕೊಂಡು ಓಡಾಡ್ತಿದ್ದ! ಗಾಳಿ ಸೋರದ ಪೈಪು, ನೆಲಕ್ಕೆ ಸರಿಯಾಗಿ ಕೂರೋ ಬ್ರಷ್ಷು, ಇಷ್ಟಿದ್ರೆ ಸಾಕು. ಹಳೇದು ಸುಮ್ನೆ ಬಿಸಿಯಾಗಿ ಕೂಗಾಡುತ್ತೆ."

"ದಪ್ಪ ಕಾರ್ಪೆಟ್ಟು ರೀ. ಶಕ್ತಿ ಬೇಕೇ ಬೇಕು."

"ಕೂಗಾಟನೇ ಬೇಕು ಅನ್ನೋ ಹಾಗೆ ಆಡ್ತೀಯಲ್ಲ!"

ಅವನು ಕಾರ್ಪೆಟ್ಟಿನ ಮೇಲೆ ಹಿಟ್ಟು ಚೆಲ್ಲಿ, ಎರಡು ಮಿಷನ್ನುಗಳಿಂದಲೂ ಪಕ್ಕಪಕ್ಕದಲ್ಲಿ ಒಂದೊಂದು ಪಟ್ಟೆ ಎಳೆದ. ಅವಳು ಮಂಡಿಯೂರಿ, ಹೊಸದು ಹಾದುಹೋದ ಕಡೆ ನೂಲು ಬಿಡಿಸಿ ಬಿಡಿಸಿ ಕೆದಕಿದಳು. ಬೆರಳ ತುದಿಗೆ ಒಂದು ಚೂರು ಹಿಟ್ಟಾದರೂ ಹತ್ತಲಿ ಎಂದು ಬೇಡಿಕೊಂಡಳು. ಹತ್ತಲಿಲ್ಲ.

"ಅಬ್ಬಾ, ಕಿವಿಗೆ ಜೀವ ಬಂತು," ಎಂದರು ಅತ್ತೆ.

ಬೆಳಿಗ್ಗೆ ಹಳೆಯ ಮಿಷನ್, ಕೊರಳಿಗೆ ಹಗ್ಗ ಬಿಗಿಸಿಕೊಂಡು ಬಾಗಿಲ ಬಳಿ ಕೂತಿತ್ತು. ಗಂಡ ಒಳಗೆ ಬಟ್ಟೆ ಹಾಕಿಕೊಳ್ಳುತ್ತಿದ್ದ.

"ಚಹಾ ಅಂದ್ರೆ ಬಿಸಿನೀರು ಅಂತ ನಿಮ್ಮಮ್ಮ ಹೇಳಿಕೊಟ್ಟಿದ್ದಾರಾ?" ಎಂದರು ಅತ್ತೆ, ಲೋಟ ಕೆಳಗಿಟ್ಟು.

"ಹೂಂ," ಎಂದಳು ಸೊಸೆ. ಹೊಸ ಮಿಷನ್ನಿನ ಸ್ವಿಚ್ ಒತ್ತಿದಳು, ಬಗ್ಗಿದಳು. ಅಭ್ಯಾಸಬಲ ಎಲ್ಲಿಗೆ ಹೋಗುತ್ತದೆ?

"ನಮ್ಮಮ್ಮ ಚಹಾ ಹೇಳಿಕೊಟ್ರು, ನಿಮ್ಮಮ್ಮ ನಿಮಗೆ ಮಾತೇ ಹೇಳಿಕೊಡ್ಲಿಲ್ಲ! ಅಮೃತ ಕೊಟ್ರೂ ನಿಮ್ಮ ನಾಲಿಗೆ ಕಹಿನೇ!"

ಮೋಟರು ಬೆಕ್ಕಿನಂತೆ ಗುರುಗುಟ್ಟುತ್ತಿತ್ತು, ಅಷ್ಟೆ. ಅವಳ ದನಿ ಗೋಡೆಗೆ ಬಡಿದು ಅವಳ ಕಿವಿಗೇ ವಾಪಸು ಬಂತು. ಸ್ವಿಚ್ ಆರಿಸಿದಳು.

ಅತ್ತೆಯ ಕಾಲು ಮೇಲೆತ್ತಿದ್ದದ್ದು ಹಾಗೇ ಇತ್ತು.

"ಇದಾ?" ಎಂದರು ಮೆಲ್ಲಗೆ. "ದಿನಾ ನಿನ್ನ ಬಾಯಿ ಅಲ್ಲಾಡೋದು ಕಾಣ್ತಿತ್ತು. ಹಾಡ್ಕೊಳ್ತೀಯ ಅಂದ್ಕೊಂಡಿದ್ದೆ. ನನ್ನ ಸೊಸೆ ಹಾಡ್ತಾ ಕೆಲಸ ಮಾಡ್ತಾಳೆ ಅಂತ ಪಕ್ಕದ ಮನೆಯವರಿಗೂ ಹೇಳ್ಕೊಂಡಿದ್ದೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಏನಮ್ಮಾ ಅದು?" ಗುಂಡಿ ಹಾಕಿಕೊಳ್ಳುತ್ತ ಗಂಡ ಹೊರಬಂದ.

"ಏನಿಲ್ಲ ಕಣೋ. ನಿನ್ನ ಹೆಂಡತಿ ಹಾಡ್ತಾಳಂತೆ." ಅತ್ತೆ ಅವಳನ್ನೇ ನೋಡುತ್ತಿದ್ದರು. "ಹಾಡಮ್ಮ. ಈಗ ಕೇಳಿಸುತ್ತಲ್ಲ."

"ನೋಡಿದ್ಯಾ, ಇದೂ ಒಂದು ಲಾಭ!" ಎಂದು ನಕ್ಕು, ಗಂಡ ಹಳೆಯ ಮಿಷನ್ನನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದ. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಅವಳು ಸ್ವಿಚ್ ಒತ್ತಿ, ಬಗ್ಗಿ, ಶಾಲೆಯಲ್ಲಿ ಕಲಿತ ಒಂದೇ ಒಂದು ಪದ್ಯವನ್ನು ಶುರುಮಾಡಿದಳು. ಎರಡನೆಯ ಸಾಲಿನ ಹೊತ್ತಿಗೆ ಬ್ರಷ್ಷು ಸೋಫಾ ಮುಟ್ಟಿತು. ಅತ್ತೆ ಕಾಲೆತ್ತಿದರು.

"ಗಟ್ಟಿಯಾಗಿ," ಎಂದರು.