ಇಲ್ಲದ ಸೀಳು

“ಸೀಳೇ ಇಲ್ಲ ಸರ್,” ಎಂದಳು ಸಂಶೋಧನಾ ವಿದ್ಯಾರ್ಥಿನಿ ಸಫಾ.

ಟೈಯ ಗಂಟು ಬಿಗಿಯುತ್ತಿದ್ದ ಅವಳ ಗೈಡ್ ಬಾಸಿಲ್‌ನ ಕೈ ಅಲ್ಲೇ ನಿಂತಿತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಸಭಾಂಗಣದಲ್ಲಿ ಅವನಿಗೆ ಸನ್ಮಾನ. ಸನ್ಮಾನ ಆ ಸೀಳಿಗೇ.

ಭಾರದ ಪರಮಾಣುಗಳ ನಡುವೆ ಓಡುವ ಎಲೆಕ್ಟ್ರಾನಿಗೆ ತನ್ನದೇ ಒಂದು ಗಿರಕಿಯೂ ಉಂಟು. ಓಟವೂ ಗಿರಕಿಯೂ ಒಂದನ್ನೊಂದು ಎಳೆದಾಡಿದರೆ, ಒಂದಾಗಿದ್ದ ಶಕ್ತಿಯ ಗೆರೆ ಎರಡಾಗಿ ಸೀಳಬಹುದು. ಬಿಸ್ಮತ್ ಬೆರೆತ ಒಂದು ತೆಳು ಹಾಳೆಯಲ್ಲಿ ಈ ಸ್ಪಿನ್-ಆರ್ಬಿಟ್ ಸೀಳು ಬಹಳ ಅಗಲವಾಗಿದೆ, ಆದ್ದರಿಂದ ಪೋಲಾಗುವ ಶಾಖವನ್ನು ಆ ಹಾಳೆ ವಿದ್ಯುತ್ತಾಗಿಸೀತು ಎಂದು ಬಾಸಿಲ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದ. ಹೊರದೇಶದ ವಿಜ್ಞಾನ ಪತ್ರಿಕೆ ಅದನ್ನು ಅಚ್ಚು ಹಾಕಿತ್ತು. ಮಂಗಳೂರಿನ ಬಲ್ಮಠದ ಆ ಕಾಲೇಜಿನಲ್ಲಿ ಹಿಂದೆ ಅಂಥದ್ದು ನಡೆದದ್ದಿಲ್ಲ. ನಡೆಯಬೇಕೆಂದು ಯಾರಿಗೂ ಅನ್ನಿಸಿದ್ದೂ ಇಲ್ಲ.

“ನೀವು ಲೆಕ್ಕದಲ್ಲಿ ಕೆಳಗಿನ ಪದರಗಳನ್ನು ಅಲ್ಲಾಡದ ಹಾಗೆ ಫಿಕ್ಸ್ ಮಾಡಿದ್ದೀರಿ. ಮೇಲಿನದ್ದು ಮಾತ್ರ ಸರಿದಿದೆ.”

“ಎಲ್ಲರೂ ಹಾಗೇ ಮಾಡ್ತಾರೆ. ಟೈಮ್ ಉಳೀತದೆ.”

“ಅದು ಬೇರೆ ಯಾವುದಾದ್ರೂ ವಸ್ತುವಿನ ಮೇಲೆ ಅಂಟಿಸಿದ ಹಾಳೆಗೆ ಸರಿ. ಇದು ಬರೀ ಹಾಳೆ ಅಲ್ವಾ ಸರ್? ಮೇಲೆ ಕೆಳಗೆ ಒಂದೇ ಥರ ಉಂಟು. ಹಾಗಿದ್ರೆ ಸೀಳು ಬರ್ಲಿಕ್ಕೇ ಸಾಧ್ಯ ಇಲ್ಲ. ನಾನು ಕೆಳಗಿನದ್ದನ್ನೂ ಸರೀಲಿಕ್ಕೆ ಬಿಟ್ಟು ನೋಡಿದೆ. ಗೆರೆ ಒಂದೇ ಆಯ್ತು.”

ಬಾಸಿಲ್‌ಗೆ ತಕ್ಷಣ ಅರ್ಥವಾಯಿತು. ಅರ್ಥವಾಗದಿರುವಷ್ಟು ದಡ್ಡನಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಸೀಳು ಪ್ರಕೃತಿಯದ್ದಲ್ಲ, ಅರ್ಧ ಹಾಳೆಯನ್ನು ಕಟ್ಟಿಹಾಕಿ ಅರ್ಧವನ್ನು ಬಿಟ್ಟ ತನ್ನ ಸೋಮಾರಿತನದ್ದು. ಆದರೆ ಸಿಟ್ಟು ಬಂದದ್ದು ಸಫಾಳ ಮೇಲೆ.

“ನಿನ್ನ ಥೀಸಿಸ್ ನಿಂತದ್ದು ಇದ್ರ ಮೇಲೆಯೇ. ಗೊತ್ತುಂಟಲ್ಲ?”

“ಗೊತ್ತುಂಟು.”

“ಮತ್ತೆ ನಿಂಗೆ ಎಂತ ಬೇಕು?”

“ಪೇಪರ್ ವಾಪಸ್ ತೆಗೀಬೇಕು ಸರ್. ನಾನು ಮೊದಲಿಂದ ಮಾಡ್ತೇನೆ.”

“ಫಂಕ್ಷನ್ ಮುಗೀಲಿ. ನೋಡುವ.”

ನೋಡುವ! ಈ ಊರಿನಲ್ಲಿ ಎಷ್ಟೋ ಸಂಗತಿಗಳು ಈ ಒಂದು ಮಾತಿನ ಮಡಿಲಲ್ಲಿ ಸುಖವಾಗಿ ಸತ್ತಿವೆ. ಇದೂ ಸಾಯಬಹುದು ಎಂಬ ಆಸೆಯಿಂದಲೇ ಬಾಸಿಲ್ ಮೆಟ್ಟಿಲಿಳಿದ.

ಸಭಾಂಗಣದಲ್ಲಿ ಜನ ಸೇರಿದ್ದರು, ಅಂದರೆ ಹಾಜರಿ ಕೊಡುತ್ತೇವೆಂದು ವಿದ್ಯಾರ್ಥಿಗಳನ್ನು ಸೇರಿಸಲಾಗಿತ್ತು. ಮುಖ್ಯ ಅತಿಥಿ ನೂರ್ ಮುಹಮ್ಮದ್. ಬಂದರಿನಲ್ಲಿ ಅವರ ಮೀನಿನ ಸಗಟು ಮಂಡಿ, ಐಸ್ ಪ್ಲಾಂಟು. ವಿಜ್ಞಾನಕ್ಕೂ ಅವರಿಗೂ ಇದ್ದ ಸಂಬಂಧವೆಂದರೆ ಸಭಾಂಗಣದ ಫ್ಯಾನುಗಳು, ಅವರು ದಾನ ಕೊಟ್ಟವು. ಪ್ರಿನ್ಸಿಪಾಲ್ ಎಡ್ವಿನ್ ಪರಿಚಯ ಭಾಷಣದಲ್ಲಿ, ಬಾಸಿಲ್ ಸರ್ ಅವರ ವಸ್ತು ಬಂದರೆ ಇನ್ನು ಅಡುಗೆ ಒಲೆಯ ಬಿಸಿಯಲ್ಲೇ ಮನೆ ಬೆಳಗುತ್ತದೆ ಎಂದರು. ಕದ್ರಿಯಲ್ಲಿ ಬಾಸಿಲ್‌ನ ಪಕ್ಕದ ಮನೆಯಲ್ಲೇ ಇದ್ದೂ ಒಂದು ದಿನವೂ ಅವರು ಅವನ ಕೆಲಸ ಏನೆಂದು ಕೇಳಿದವರಲ್ಲ.

“ನಮ್ಮ ಐಸ್ ಪ್ಲಾಂಟಿಗೆ ಆಗ್ತದಾ ಮಾರಾಯ್ರೆ?” ನೂರ್ ಮುಹಮ್ಮದ್ ಕಿವಿಯಲ್ಲಿ ಕೇಳಿದರು.

“ಈಗಲೇ ಇಲ್ಲ,” ಎಂದ ಬಾಸಿಲ್.

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಪೇಟ ತೊಡಿಸಿದರು. ಮಂಗಳೂರಿನ ಸೆಕೆಯಲ್ಲಿ ಮನುಷ್ಯನಿಗೆ ಶಾಲು ಹೊದಿಸುವುದು ಗೌರವವೋ ಶಿಕ್ಷೆಯೋ ಎಂದು ಯೋಚಿಸುತ್ತ ಬಾಸಿಲ್ ಮೈಕಿನ ಮುಂದೆ ನಿಂತ. ಎದುರಿನ ಮುಖಗಳನ್ನು ಕಂಡು ಅವನಿಗೆ ಹೇಸಿಗೆಯಾಯಿತು. ಇವರ ಮುಂದೆ ಸತ್ಯವಾದರೂ ಒಂದೇ, ಸುಳ್ಳಾದರೂ ಒಂದೇ. ಬಾಗಿಲ ಬಳಿ ಸಫಾ ನಿಂತಿದ್ದಳು. ಅವಳೊಬ್ಬಳೇ ಕೇಳಿಸಿಕೊಳ್ಳುತ್ತಿದ್ದಳು.

“ನನ್ನ ಈ ಸಂಶೋಧನೆಯಲ್ಲಿ ತಪ್ಪಿದೆ,” ಎಂದುಬಿಟ್ಟ. “ನಿಜ ಹೇಳಬೇಕೆಂದರೆ, ಅದರಲ್ಲಿ ಏನೂ ಇಲ್ಲ.”

ನೂರ್ ಮುಹಮ್ಮದ್ ಮೊದಲು ಚಪ್ಪಾಳೆ ತಟ್ಟಿದರು. ಸಭೆಯೆಲ್ಲ ತಟ್ಟಿತು. ಎಡ್ವಿನ್ ಮೈಕಿಗೆ ಬಾಗಿ, “ತುಂಬಿದ ಕೊಡ ತುಳುಕುವುದಿಲ್ಲ, ನೋಡಿ ಮಕ್ಕಳೇ!” ಎಂದರು.

ಅಲ್ಲ, ನಿಜವಾಗಿಯೂ ತಪ್ಪಿದೆ ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಸಿಲ್ ಕೈಮುಗಿದು ಕೂತ. ಅವನಿಗೆ ಹಾಯೆನಿಸಿತು. ಹೇಳಿದಂತೆಯೂ ಆಯಿತು, ಏನೂ ಆಗದಂತೆಯೂ ಆಯಿತು. ಇಷ್ಟು ಅಗ್ಗಕ್ಕೆ ಪ್ರಾಮಾಣಿಕನಾಗಬಹುದೆಂದು ಅವನಿಗೆ ಗೊತ್ತಿರಲಿಲ್ಲ.

ಸಭೆ ಚದುರಿದ ಮೇಲೆ ಸಫಾ ವೇದಿಕೆಯ ಬಳಿ ಬಂದಳು.

“ಹೇಳಿದೆನಲ್ಲ,” ಎಂದ ಬಾಸಿಲ್.

“ಯಾರಿಗೆ ಸರ್?”

“ಎಲ್ಲರಿಗೂ.”

“ಎಲ್ಲರೂ ಚಪ್ಪಾಳೆ ಹೊಡೆದ್ರು. ಪತ್ರಿಕೆಯವರಿಗೆ ಮೇಲ್ ಮಾಡ್ತೀರಾ?”

“ನಾಳೆ...”

“ಈಗ ಸರ್. ನೀವು ಮಾಡದಿದ್ರೆ ನಾನು ಮಾಡ್ತೇನೆ. ನೀವೇ ಮಾಡಿದ್ರೆ ಒಳ್ಳೇದಿತ್ತು.” ಅವನನ್ನು ಅವಳು ಇನ್ನೂ ಗೌರವಿಸುತ್ತಾಳೆಂದು ಬಾಸಿಲ್‌ಗೆ ಆಗ ಹೊಳೆಯಿತು. ಇವತ್ತು ಅವನನ್ನು ಹೆದರಿಸಿದ್ದು ಅದೊಂದೇ.

“ಸರ್, ಒಂದ್ನಿಮಿಷ!” ಫೋಟೋಗ್ರಾಫರ್ ಕೂಗಿದ. “ಪೇಟ ತೊಡಿಸುವ ಫೋಟೋ ಸಿಗ್ಲಿಲ್ಲ. ಚೀಫ್ ಗೆಸ್ಟ್ ಅಡ್ಡ ಬಂದ್ರು. ಪುನಃ ಒಮ್ಮೆ ಮಾಡುವನಾ?”

“ಬನ್ನಿ ಬನ್ನಿ, ನ್ಯೂಸ್ ಪೇಪರಿಗೆ ಕೊಡ್ಲಿಕ್ಕುಂಟು,” ಎಂದರು ಎಡ್ವಿನ್.

ಬಾಸಿಲ್ ಸಫಾಳತ್ತ ನೋಡಿದ. “ಇದೊಂದು ಆಗಲಿ,” ಎಂದು ವೇದಿಕೆ ಹತ್ತಿದ.

ಖಾಲಿ ಸಭಾಂಗಣದಲ್ಲಿ ಯಾರೋ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಎಡ್ವಿನ್ ಅವನ ತಲೆಯ ಪೇಟ ತೆಗೆದು, ಎರಡೂ ಕೈಗಳಲ್ಲಿ ಮೇಲೆತ್ತಿ ಹಿಡಿದು, ಕ್ಯಾಮೆರಾದತ್ತ ನಕ್ಕರು.

“ಹಾಗೇ ಇರ್ಲಿ, ಕೆಳಗೆ ಇಳಿಸ್ಬೇಡಿ. ಬಾಸಿಲ್ ಸರ್, ನೀವು ಸ್ವಲ್ಪ ತಲೆ ಬಗ್ಗಿಸಿ.”

ಬಾಸಿಲ್ ಬಗ್ಗಿಸಿದ. ಫ್ಲ್ಯಾಶ್ ಹೊತ್ತಲಿಲ್ಲ.

“ಅಲ್ಲಾಡ್ಬೇಡಿ, ಬ್ಯಾಟರಿ ಹಾಕ್ತೇನೆ.”

ಸಫಾ ಇನ್ನೂ ನಿಂತಿದ್ದಾಳೋ ಹೋದಳೋ ಅವನಿಗೆ ಕಾಣುತ್ತಿರಲಿಲ್ಲ. ಅವನಿಗೆ ಕಾಣುತ್ತಿದ್ದದ್ದು ತನ್ನ ಬೂಟುಗಳು ಮಾತ್ರ.

“ಇನ್ನೂ ಚೂರು ಬಗ್ಗಿ ಸರ್.”

ತಲೆಯ ಮೇಲೆ ಗೇಣಿನಷ್ಟು ಎತ್ತರದಲ್ಲಿ ಪೇಟ ಇಳಿಯದೆ ತೂಗುತ್ತಿತ್ತು. ಬಾಸಿಲ್ ಕುತ್ತಿಗೆ ಚಾಚಿ ಕಾಯುತ್ತ ನಿಂತ.