ಅವಳ ಹೆಸರಿನ ಆಪರೇಷನ್

ರೊಟ್ಟಿಯ ಅಂಚು ಸೀಯುತ್ತಿದೆ, ಸೀದ ಜೋಳದ ವಾಸನೆ ಮೂಗಿಗಲ್ಲ, ನೇರ ಹೊಟ್ಟೆಗೇ ಬಡಿಯುತ್ತದೆ, ಗುರುದೇವಿ ಒದ್ದೆ ಬಟ್ಟೆಯಿಂದ ನೀರು ಸವರಿ ರೊಟ್ಟಿ ಮಗುಚಿದಳು — ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗಲೂ ಈ ವಾಸನೆ ಹೀಗೇ ಹೊಡೆದಿತ್ತು, ಚಿಕ್ಕವಳಿದ್ದಾಗಲೂ, ಹಾಗಾಗಿ ಟೆಸ್ಟ್ ಪಟ್ಟಿಯ ಮೇಲೆ ಎರಡನೇ ಗೆರೆ ಮೂಡುವ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ನಂಬಲಿಲ್ಲ, ನಂಬುವುದು ಹೇಗೆ, ಗಂಡನಿಗೇ ಮಕ್ಕಳಾಗದ ಆಪರೇಷನ್ ಆಗಿರುವಾಗ. ತಟ್ಟು, ತಿರುಗಿಸು, ತಟ್ಟು. ಗೋವಿಂದರಾಜನಗರದ ಈ ಖಾನಾವಳಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಬುಟ್ಟಿ ತುಂಬಬೇಕು, ಕೈ ನಿಂತರೆ ಗಲ್ಲಾದಲ್ಲಿ ಕೂತ ಒಡತಿ ವಿಜಯಶ್ರೀ ಅಕ್ಕ ಅಲ್ಲಿಂದಲೇ ಕೂಗುತ್ತಾಳೆ, ಏನವಾ ಗುರುದೇವಿ, ರೊಟ್ಟಿ ಬಡಿಯಾಕತ್ತೀಯೋ ಕೂಸು ತಟ್ಟಿ ಮಲಗಸಾಕತ್ತೀಯೋ — ಅಕ್ಕ ಸುಮ್ಮನೆ ಆಡಿದ ಮಾತು, ಆದರೂ ಕೂಸು ಅಂದದ್ದಕ್ಕೆ ಅವಳು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ಗಂಡ ಬಾಳೇಶ ತಾನೇ ಮುಂದೆ ಬಂದವನು, ಯಾರೂ ದೂಡಿದ್ದಲ್ಲ. ಎರಡನೇ ಹೆರಿಗೆಗೂ ಹೊಟ್ಟೆ ಕೊಯ್ದು, ಮೈಯಲ್ಲಿ ರಕ್ತವೇ ಇಲ್ಲ, ಇನ್ನೊಂದು ಬೇಡ ಎಂದು ಡಾಕ್ಟರು ಹೇಳಿದ ಮೇಲೆ, ಮನೆಮನೆಗೆ ಊಟ ತಲುಪಿಸುವ ಬೈಕ್ ಒರೆಸುತ್ತಾ ಒಂದು ದಿನ, ನಿನ್ನ ಎಷ್ಟ್ ಸಲ ಕೊಯ್ಸೂದು, ನಾನ ಮಾಡಿಸ್ಕೋತೀನಿ ಬಿಡು, ಅಂದುಬಿಟ್ಟ, ಅದೇ ಉಸಿರಿನಲ್ಲಿ, ಅವ್ವಗ ಮಾತ್ರ ನಿಂದ ಆತು ಅಂತ ಹೇಳೂಣು, ಗಂಡಸು ಮಾಡಿಸ್ಕೊಂಡಾನ ಅಂದ್ರ ಊರಾಗ ತಲಿ ಎತ್ತಾಕ ಬಿಡೂದಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಅವನಿಗೆ ಆಪರೇಷನ್ ಆಯಿತು, ಅವಳು ಹೊಟ್ಟೆಗೆ ಹಳೇ ಸೀರೆ ಬಿಗಿದುಕೊಂಡು ಮಲಗಿದಳು, ಊರಿಂದ ಅತ್ತೆ ಗುರವ್ವ ಬಂದು ಬೆಳ್ಳುಳ್ಳಿ ಸಾರು, ಬಿಸಿನೀರು, ಏಳಬ್ಯಾಡ ನನ್ನವ್ವಾ ಹೊಲಿಗಿ ಬಿಚ್ಚತಾವು, ಎಂದು ಆರೈಕೆ ಮಾಡಿದಳು, ನಿಜವಾದ ಹೊಲಿಗೆ ಇದ್ದವನು ಮಾತ್ರ ತುಟಿ ಕಚ್ಚಿಕೊಂಡು ಮಂದಿಯ ಮಹಡಿಗಳಿಗೆ ಊಟದ ಪೊಟ್ಟಣ ಹೊತ್ತ, ಮನೆಗೆ ಬಂದು ಕಾಲು ಅಗಲಿಸಿ ಕುಂತರೆ ಅತ್ತೆ, ಹೇಂತಿ ಹಾಸಿಗಿ ಹಿಡದಾಳ, ನೀ ಏನೋ ರಾಜಾನಂಗ ಕುಂತಿ, ಎಂದು ಗದರುವಳು, ಅವನೂ ಅವಳೂ ಮುಖ ಮುಖ ನೋಡಿ ನಗು ನುಂಗಿದ್ದರು, ಮದುವೆಯಾದ ಮೇಲೆ ಇಬ್ಬರಿಗೇ ಅಂತ ಸಿಕ್ಕ ಮೊದಲ ಗುಟ್ಟು ಅದು. ಆಸ್ಪತ್ರೆಯಲ್ಲಿ ಕೊಟ್ಟ ಕಾಂಡೋಮ್ ಕಟ್ಟು — ಇರುವುದೇ ಒಂದು ಕೋಣೆ, ಅತ್ತೆಯ ಕೈಗೆ ಸಿಕ್ಕರೆ, ನಿನಗ ಆಪರೇಷನ್ ಆದ ಮ್ಯಾಲ ಇವು ಯಾಕ ಬೇಕು ಅಂದರೆ — ಕೆಂಗೇರಿ ಕಡೆ ಹೋದಾಗ ಮೋರಿಗೆ ಎಸೆದು ಬಂದ. ಕೊಯ್ದ ಮ್ಯಾಲ ಮುಗೀತಲ್ಲ, ಅಂದ. ಅವಳೂ ಹೌದೆಂದಳು. ಶಿವರಾತ್ರಿ ಮುಗಿಸಿ ಅತ್ತೆ ಊರಿಗೆ ಹೋದದ್ದೇ ತಡ, ಅವರಿಬ್ಬರಿಗೂ ಹಬ್ಬ, ಅಂಜಿಕೆಯಿಲ್ಲದ ಹಬ್ಬ. ಈಗ ಯುಗಾದಿ ಕಳೆದಿದೆ.

ತಟ್ಟು, ತಿರುಗಿಸು. ಸೊಂಟ ಸೋಲುತ್ತಿದೆ. ನಿನ್ನೆ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಅಲಮೇಲು ತಲೆಗೆ ಕೈ ಹಚ್ಚಿಕೊಂಡಿದ್ದರು, ಅಲ್ಲಮ್ಮಾ, ಆಪರೇಷನ್ ಆದ ತಕ್ಷಣ ಮುಗೀತು ಅಂದ್ಕೊಂಡ್ರಾ, ಒಳಗಡೆ ಉಳಿದಿರೋ ವೀರ್ಯಾಣು ಖಾಲಿ ಆಗೋಕೆ ಮೂರು ತಿಂಗ್ಳು ಬೇಕು, ಆಮೇಲೆ ಟೆಸ್ಟ್ ಮಾಡಿಸ್ಬೇಕು, ಅದಕ್ಕೇ ಅಲ್ವಾ ಅಷ್ಟೊಂದು ಕಾಂಡೋಮ್ ಕೊಟ್ಟಿರೋದು, ಮೊದ್ಲು ನಿಮ್ಮೆಜಮಾನ್ರನ್ನ ಕರ್ಕೊಂಡ್ ಬನ್ನಿ. ಕರೆದುಕೊಂಡು ಹೋಗುವುದು ಹೇಗೆ. ಇವತ್ತು ಬೆಳಿಗ್ಗೆ ಅವನು ಕೆಲಸಕ್ಕೆ ಹೊರಟು ಹೆಲ್ಮೆಟ್ ಹಾಕಿಕೊಂಡಾಗ, ಬಸುರಾಗೀನ್ರಿ, ಅಂದಳು, ಸಿಸ್ಟರ್ ಹೇಳಿದ್ದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಗಾಜು ಕೆಳಗೆಳೆದ, ಮನೆಯೊಳಗೇ, ಹೊಸ್ತಿಲು ದಾಟುವ ಮೊದಲೇ, ಟಕ್ ಅಂತ. ಗಾಜಿನ ಒಳಗೆ ಉಸಿರಿನ ಮಂಜು ಕವಿದು ಕಣ್ಣು ಕಾಣದಾಯಿತು. ಬೈಯಲಿಲ್ಲ. ಯಾರದು ಎಂದು ಕೇಳಿದ್ದರೆ ಕೂಗಾಡಬಹುದಿತ್ತು, ಮಕ್ಕಳ ತಲೆ ಮುಟ್ಟಿ ಆಣೆ ಮಾಡಬಹುದಿತ್ತು, ಕೇಳದವನಿಗೆ ಏನು ಹೇಳುವುದು. ಊರಿನವರಿಗಾದರೆ ಸುಲಭ, ಗುರುದೇವಿಯ ಆಪರೇಷನ್ ಫೇಲಾಯಿತು ಅಂದರೆ ಸಾಕು, ಅತ್ತೆ ಈ ಸಲ ಗಂಡು ಹುಟ್ಟತೈತಿ ಎಂದು ಕುಣಿದಾಳು — ಇಡೀ ಲೋಕದಲ್ಲಿ ಅವಳನ್ನು ಅನುಮಾನಿಸಬಲ್ಲವನು ಒಬ್ಬನೇ, ಅವಳಿಗಾಗಿ ಕೊಯ್ಸಿಕೊಂಡವನು. ಟಕ್. ಆ ಮಂಜು. ಇನ್ನು ಸಂಜೆ ಮನೆಗೆ ಬಂದಾಗ ಹೆಲ್ಮೆಟ್ ತೆಗೆಯುತ್ತಾನೋ, ತೆಗೆದರೆ ಒಳಗಿಂದ ಯಾವ ಮುಖ — ಏ ಬಾಳೇಶಾ, ಹೇಂತಿ ಕೈ ರೊಟ್ಟಿ ಮಂದಿಗೆ ಹಂಚಾಕ ಬಂದ್ಯಾ, ವಿಜಯಶ್ರೀ ಅಕ್ಕನ ನಗು, ಗುರುದೇವಿ ತಲೆ ಎತ್ತಿದಳು, ಅವನೇ, ಆರ್ಡರ್ ಒಯ್ಯಲು ಬಂದು ಗಲ್ಲಾದ ಮುಂದೆ ಫೋನು ಚಾಚಿ ನಿಂತಿದ್ದಾನೆ, ಗಾಜು ಇಳಿದೇ ಇದೆ. ಯಾರ ಮುಂದೆಯೂ ಗಂಡನ ಜೊತೆ ಮಾತಾಡಿದವಳಲ್ಲ ಅವಳು, ಹಿಟ್ಟಿನ ಕೈಯಲ್ಲೇ ಎದ್ದಳು, ಪೊಟ್ಟಣ ತಾನೇ ಒಯ್ದು ಅವನ ಕೈಗಿಟ್ಟು, ಬಿಡದೆ, ಗಂಟಲಿನಲ್ಲೇ ಅಂದಳು, ನಾಳಿ ದವಾಖಾನಿಗೆ ಬರ್ರಿ, ಮೂರ್ ತಿಂಗಳ ಕಾಯಬೇಕಿತ್ತಂತ, ನಾವು ಕಾಯಲಿಲ್ಲ, ನಿಮ್ದ ಟೆಸ್ಟ್ ಆಗಬೇಕಂತ. ಏನ್ ಗುಸುಗುಸು ನಿಮ್ದು, ಅಂದಳು ಅಕ್ಕ, ಆರ್ಡರ್ ತಡಾ ಆಗತೈತಿ. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿರಬೇಕು, ಸೀಯಲಿ, ಪೊಟ್ಟಣದ ಒಂದು ಕಿವಿ ಅವನ ಕೈಯಲ್ಲಿ, ಒಂದು ಅವಳ ಕೈಯಲ್ಲಿ, ಅವನು ಎಳೆಯಲೂ ಇಲ್ಲ, ಬಿಡಲೂ ಇಲ್ಲ, ಗಾಜಿನ ಒಳಗೆ ಮಂಜು ಕವಿಯಿತು, ಕರಗಿತು, ಮತ್ತೆ ಕವಿಯಿತು —