ಕೆಂಪು ಗೆರೆಗಿಂತ ಮೊದಲು

ಬೇಸಗೆಯ ಆ ಸಂಗೀತೋತ್ಸವಕ್ಕೆ ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ರೈಲಿಳಿದು, ಚಾಪೆ, ಕೊಡೆ, ನೀರಿನ ಬಾಟಲಿ ಹೊತ್ತು ಕೆರೆಯ ದಂಡೆಯ ಮೈದಾನಕ್ಕೆ ನಡೆದು ಬರುವವರ ಸಾಲು ಬೆಳಗಿನಿಂದ ತುಂಡಾಗುತ್ತಿರಲಿಲ್ಲ. ವೇದಿಕೆಯ ಮೇಸ್ತ್ರಿ ಮಾತ್ರ ಆ ಸಾಲನ್ನು ನೋಡುತ್ತಿರಲಿಲ್ಲ. ಆತ ನೋಡುತ್ತಿದ್ದುದು ಮೇಲೆ.

ಮೇಲಿದ್ದುದು ಚಾವಣಿ. ಕಬ್ಬಿಣದ ಕಂಬಗಳ ಮೇಲೆ ಸರಪಳಿ ರಾಟೆಗಳಿಂದ ಎತ್ತಿ ನಿಲ್ಲಿಸಿದ ಆ ಚಾವಣಿಗೆ ದೀಪಗಳನ್ನೂ ಭಾರವಾದ ಸ್ಪೀಕರುಗಳನ್ನೂ ತೂಗುಹಾಕಿದ್ದರು. ಒಂದು ಕಂಬದ ತುದಿಯಲ್ಲಿ ಗಾಳಿ ಅಳೆಯುವ ಬಟ್ಟಲುಗಳು ತಿರುಗುತ್ತಿದ್ದವು. ಅವುಗಳ ವೇಗವನ್ನು ಕೆಳಗಿನ ಪೆಟ್ಟಿಗೆಯ ಮುಳ್ಳು ತೋರಿಸುತ್ತಿತ್ತು. ಮುಳ್ಳು ಕೆಂಪು ಗೆರೆಯನ್ನು ಮುಟ್ಟಿದರೆ ಮೇಸ್ತ್ರಿ ಸೀಟಿ ಊದಬೇಕು. ಊದಿದರೆ ಹಾಡುತ್ತಿರುವವರು ಯಾರೇ ಆಗಿರಲಿ, ಇಳಿಯಬೇಕು, ಚಾವಣಿಯನ್ನು ಇಳಿಸಬೇಕು. ಇದರ ಮೇಲೆ ಯಾರ ಮಾತೂ ನಡೆಯುತ್ತಿರಲಿಲ್ಲ. ಎಷ್ಟೋ ದೊಡ್ಡವರ ಹಾಡುಗಳನ್ನು ಆತ ನಡುವೆಯೇ ನಿಲ್ಲಿಸಿದ್ದ. ಗೆರೆ ಮುಟ್ಟುವ ಮೊದಲು ಎಂದೂ ಊದಿರಲಿಲ್ಲ. ಮುಟ್ಟಿದ ಮೇಲೆ ಎಂದೂ ತಡಮಾಡಿರಲಿಲ್ಲ. ಆತನ ಮರ್ಯಾದೆ ಅಷ್ಟೂ ಇಷ್ಟರಲ್ಲೇ ಇತ್ತು.

ಆ ದಿನ ಮಧ್ಯಾಹ್ನದ ಸರದಿ ಆತನ ಮಗಳದು. ಹೊಸಬರಿಗೆಂದು ಒಂದು ಮಧ್ಯಾಹ್ನವನ್ನು ಮೀಸಲಿಡುತ್ತಿದ್ದರು. ಬೇರೆ ಊರುಗಳಲ್ಲಿ ಉತ್ಸವ ನಡೆಸುವವರು ಅದಕ್ಕೆಂದೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಅವರು ಮೆಚ್ಚಿದವರಿಗೆ ಬೇಸಗೆ ಮುಗಿಯುವವರೆಗೂ ಊರಿಂದೂರಿಗೆ ಕರೆ ಬರುತ್ತಿತ್ತು. ಹೊಸಬರೆನ್ನಿಸಿಕೊಳ್ಳಲು ವಯಸ್ಸಿನ ಮಿತಿಯಿತ್ತು. ಮಗಳಿಗೆ ಇದು ಕೊನೆಯ ವರ್ಷ. ಹಿಂದೆ ಕೇಳಿಕೊಂಡಾಗಲೆಲ್ಲ ಸಿಗದಿದ್ದುದು ಈ ಸಲ ಸಿಕ್ಕಿತ್ತು. ಇದರ ಆಚೆಗೆ ಇನ್ನೊಂದು ಮಧ್ಯಾಹ್ನ ಅವಳಿಗೆ ಇರಲಿಲ್ಲ.

ವೇದಿಕೆಯ ಹಿಂದೆ ಹಲಗೆ ಹೊಡೆದು ಮಾಡಿದ ಕೋಣೆ. ಒಳಗೆ ಒಂದು ಬೆಂಚು, ಮೂಲೆ ಒಡೆದ ಒಂದು ಕನ್ನಡಿ. ಮಗಳು ಕನ್ನಡಿಯ ಮುಂದೆ ನಿಂತು ಸಣ್ಣಗೆ ಗುನುಗುತ್ತಿದ್ದಳು. ಹೆಂಡತಿ ಅವಳ ಜಡೆಗೆ ಪಿನ್ನು ಸಿಕ್ಕಿಸುತ್ತಿದ್ದಳು. ಎಲ್ಲರನ್ನೂ ತನ್ನ ವ್ಯಾನಿನಲ್ಲಿ ಕರೆತಂದಿದ್ದ ಭಾವಮೈದುನ ಬಾಗಿಲಿಗೆ ಒರಗಿ ನಿಂತಿದ್ದ. ಹೊಸ್ತಿಲಾಚೆ ಮೇಸ್ತ್ರಿ ಚಾವಣಿಯತ್ತ ಕತ್ತೆತ್ತಿಯೇ ಇದ್ದ.

“ಭಾವ, ನಿಮ್ಮ ಮಗಳು ಹಾಡೋದು ಕೆಳಗೆ,” ಎಂದ ಅವನು. “ಮೇಲೆ ಯಾರೂ ಹಾಡಲ್ಲ. ಸ್ವಲ್ಪ ಕುತ್ತಿಗೆ ಇಳಿಸಿ.”

“ಬಿಡೋ,” ಎಂದಳು ಹೆಂಡತಿ. “ಅದು ನಮ್ಮ ಮದುವೆಗೆ ಮುಂಚೇನೇ ಹಾಗೆ ನಿಂತಿದ್ದು.”

ಮಗಳು ನಗಲಿಲ್ಲ. “ಅಪ್ಪಾ, ಗಾಳಿ ಹೇಗಿದೆ?”

“ಗಾಳಿ ನನ್ನ ಕೆಲಸ. ನೀನು ಶ್ರುತಿ ನೋಡ್ಕೋ.”

ಅವಳು ಹಾಡಲು ತೊಡಗಿದಾಗ ಮುಳ್ಳು ಕೆಳಗೇ ಇತ್ತು. ಮೊದಲ ಹಾಡು ಮುಗಿಯುವ ಹೊತ್ತಿಗೆ ಕೆರೆಯಾಚೆ ಮೋಡ ಕಪ್ಪಾಗಿ, ನೀರಿನ ಮೇಲೆ ಸುಕ್ಕು ಮೂಡಿತು. ಮುಳ್ಳು ಏರಿತು, ನಿಂತಿತು, ಮತ್ತೆ ಸ್ವಲ್ಪ ಏರಿತು. ವ್ಯವಸ್ಥಾಪಕರು ಬಂದು ಪಕ್ಕದಲ್ಲಿ ನಿಂತರು. ಸದಾ ಮಣಿಕಟ್ಟು ತಿರುಗಿಸಿ ನೋಡುವ ಅವರನ್ನು ಕೆಲಸಗಾರರು ಬೆನ್ನ ಹಿಂದೆ ಗಡಿಯಾರ ಎನ್ನುತ್ತಿದ್ದರು.

“ಮೇಸ್ತ್ರಿಗಳೇ, ಗೆರೆ ಇನ್ನೂ ದೂರ ಇದೆ ತಾನೆ?”

“ಇದೆ.”

“ಹಾಗಾದ್ರೆ ಯೋಚನೆ ಇಲ್ಲ. ಮುಂದಿನ ಸಾಲು ನೋಡಿದ್ರಾ? ತಲೆದೂಗ್ತಿದ್ದಾರೆ. ನಿಮ್ಮ ಮಗಳು ದಡ ಸೇರಿದಳು ಅಂದ್ಕೊಳ್ಳಿ.”

ಮೇಸ್ತ್ರಿ ಮುಂದಿನ ಸಾಲನ್ನು ನೋಡಲಿಲ್ಲ. ಮಗಳ ನೆತ್ತಿಯ ಮೇಲೆ ಸ್ಪೀಕರುಗಳ ಸಾಲು ತೂಗುತ್ತಿತ್ತು. ಇಂಥ ಗಾಳಿಗೆ ಅದು ಯಾವಾಗಲೂ ಅಷ್ಟೇ ತೂಗುತ್ತಿತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಅದರ ಕೆಳಗೆ ನಿಂತಿರುವವರು ಯಾರೆಂದು ಆತ ಈವರೆಗೆ ಎಂದೂ ನೋಡಿರಲಿಲ್ಲ. ಈಗ ನೋಡಿದ. ನೋಡಿ, ಊದಿದ.

ಹಾಡು ಸಾಲಿನ ನಡುವೆ ನಿಂತಿತು. ಮಗಳು ಬಾಯಿ ತೆರೆದಂತೆಯೇ ಸದ್ದು ಬಂದ ಕಡೆ ತಿರುಗಿ, ತಂದೆಯನ್ನು ಕಂಡು, ಮೆಟ್ಟಿಲಿಳಿದಳು. ಜನ ಚಾಪೆ ಸುತ್ತಿಕೊಂಡು ಮರಗಳ ಕಡೆ ಸರಿದರು. ಕೆಲಸಗಾರರು ಸರಪಳಿ ಬಿಟ್ಟರು. ಚಾವಣಿ ಗುಟುರು ಹಾಕುತ್ತ ಹಲಗೆಗಳ ಮಟ್ಟಕ್ಕೆ ಇಳಿಯಿತು. ಆಮೇಲೆ ಮೋಡ ಕೆರೆಯ ಆಚೆ ದಂಡೆಯನ್ನೇ ಹಿಡಿದು ಬೇರೆ ದಿಕ್ಕಿಗೆ ಹೋಯಿತು. ಮುಳ್ಳು ಸದ್ದಿಲ್ಲದೆ ಕೆಳಗಿಳಿದು ಮಲಗಿತು. ಒಂದು ಹನಿಯೂ ಬೀಳಲಿಲ್ಲ.

“ಮುಟ್ಟಿತ್ತಾ?” ಎಂದು ಕೇಳಿದರು ವ್ಯವಸ್ಥಾಪಕರು.

“ಊದಿದ್ದೇನೆ,” ಎಂದ ಮೇಸ್ತ್ರಿ.

ಸಂಜೆಯ ದೊಡ್ಡ ಗಾಯಕರಿಗಾಗಿ ಚಾವಣಿಯನ್ನು ಮತ್ತೆ ಎತ್ತಬೇಕಾಯಿತು. ಆತನೇ ನಿಂತು ಎತ್ತಿಸಿದ. ಮಗಳ ಸರದಿಗೆ ಮರಳಿ ಜಾಗವಿರಲಿಲ್ಲ. ಮುಂದಿನ ಸಾಲಿನವರು ಎದ್ದು ಊಟಕ್ಕೆ ಹೋಗಿದ್ದರು.

ಬಿಸಿಲು ಇಳಿಯುವಾಗ, ಸಂಜೆಯ ಹಾಡಿಗೆ ಮುಂಚೆ, ಎತ್ತುವ ಕೆಲಸ ಮುಗಿಸಿ ವ್ಯಾನಿನ ಬಳಿಗೆ ಬಂದ. ಮೂವರೂ ಒಳಗೆ ಕೂತಿದ್ದರು.

“ಮುಳ್ಳು ಗೆರೆ ಮುಟ್ಟಿತ್ತಾ ಅಪ್ಪಾ?”

“ಇಲ್ಲ.”

“ರೀ...” ಎಂದಳು ಹೆಂಡತಿ.

“ನೀನು ಸುಮ್ನಿರಮ್ಮಾ. ಬೇರೆ ಯಾರ ಮಗಳಾದ್ರೂ ಆಗಿದ್ರೆ ಊದ್ತಿದ್ದೆಯಾ?”

ಮುಟ್ಟಿತ್ತು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಊದಿದಾಗ ಮುಳ್ಳು ಎಲ್ಲಿತ್ತೆಂದು ಬಲ್ಲವನು ಆತನೊಬ್ಬನೇ.

“ಇಲ್ಲ,” ಎಂದ.

“ಹೋಗ್ಲಿ ಬಿಡು ಪುಟ್ಟೀ,” ಎಂದ ಭಾವಮೈದುನ. “ಪ್ರೀತಿಗೆ ಮಾಡಿದ್ದು.”

“ಆ ಪ್ರೀತಿನ ಮನೇಲಿ ಇಟ್ಟು ಬರಬಹುದಿತ್ತು ಮಾವ.” ಅವಳು ತಂದೆಯ ಕಡೆ ತಿರುಗಿದಳು. ದನಿ ಏರಲಿಲ್ಲ. “ಇನ್ಮೇಲೆ ನಾನು ಹಾಡೋ ಕಡೆ ನೀನು ಬರಬೇಡ. ಕೆಲಸಕ್ಕೂ ಬೇಡ, ಕೇಳೋಕೂ ಬೇಡ.”

“ಆಯ್ತು.”

ಮರುದಿನ ವ್ಯವಸ್ಥಾಪಕರಿಗೂ ಇದ್ದದ್ದನ್ನು ಹೇಳಿ ಸೀಟಿಯನ್ನು ಅವರ ಮೇಜಿನ ಮೇಲಿಟ್ಟ. ಅವರು ಬೇಡವೆನ್ನಲಿಲ್ಲ. ಊದದಿದ್ದರೆ ಏನಾಗುತ್ತಿತ್ತೆಂಬುದನ್ನು ಯಾರೂ ಸಾಧಿಸಿ ತೋರಿಸಲಾರರು. ಆಗದೆ ಹೋದದ್ದಕ್ಕೆ ಅಳತೆಯಿಲ್ಲ. ಆತನನ್ನು ಕಾಡಿದ್ದು ಅದಲ್ಲ. ಮಗಳ ಮಟ್ಟಿಗೆ ಆ ಗಾಳಿ ಹೆಚ್ಚಾಗಿದ್ದುದು ನಿಜವಾದರೆ, ಅದೇ ಗಾಳಿಯಲ್ಲಿ ಇಷ್ಟು ಬೇಸಗೆಗಳಲ್ಲಿ ಬೇರೆಯವರ ಮಕ್ಕಳನ್ನು ನಿಲ್ಲಿಸಿಕೊಂಡು ಬಂದದ್ದು ಯಾವ ಧೈರ್ಯದ ಮೇಲೆ? ಅವರಿಗೆ ಸರಿಯಾಗಿದ್ದ ಗೆರೆ ಇವಳಿಗೂ ಸರಿಯೇ ಎಂದಾದರೆ, ಇವಳ ಮಧ್ಯಾಹ್ನವನ್ನು ಕಸಿದದ್ದೇಕೆ? ಎರಡರಲ್ಲಿ ಒಂದು ತಪ್ಪು. ಯಾವುದೆಂದು ತಿಳಿಯಲಿಲ್ಲ.

ಮುಂದಿನ ಬೇಸಗೆಯಲ್ಲಿ ಮಗಳಿಗೆ ಬಂದದ್ದು ಒಂದೇ ಕರೆ. ದೂರದ ಸಣ್ಣ ಊರಿನಲ್ಲಿ, ಮುಚ್ಚಿದ ಕಾರ್ಖಾನೆಯೊಂದರ ಅಂಗಳದಲ್ಲಿ, ಅಲ್ಲಿನ ಹುಡುಗರು ಹೊಸದಾಗಿ ನಡೆಸುವ ಉತ್ಸವ. ಅವಳು ಸ್ನಾನಕ್ಕೆ ಹೋಗಿದ್ದಾಗ ಮೇಸ್ತ್ರಿ ಭಾವಮೈದುನನನ್ನು ಕೇಳಿದ.

“ವೇದಿಕೆ ಕಟ್ಟೋರು ಯಾರು?”

“ಆ ಹುಡುಗರೇ. ನಾಕು ಗಳ, ಒಂದು ಟಾರ್ಪಾಲು, ಹಗ್ಗ.”

“ಗಾಳಿ ನೋಡೋಕೆ?”

“ಅದಕ್ಕೂ ಒಬ್ಬ ಇದ್ದಾನೆ ಭಾವ. ಬೆರಳು ನೆನೆಸಿ ಎತ್ತಿ ಹಿಡೀತಾನಂತೆ.” ನಗುವಿಗಾಗಿ ಕಾದು, ಸಿಗದೆ, ಅವನು ವ್ಯಾನು ಒರೆಸಲು ಹೋದ.

ಕೆರೆ ದಂಡೆಯ ಆ ಮಧ್ಯಾಹ್ನ ಅವಳಿಗೆ ದಕ್ಕಿದ್ದರೆ ಈ ಅಂಗಳಕ್ಕೆ ಹೋಗುವ ಪ್ರಮೇಯವಿರಲಿಲ್ಲ. ತಾನು ಕೈಯಾರೆ ಬಿಗಿದ ಚಾವಣಿಯ ಕೆಳಗಿಂದ ಇಳಿಸಿ, ಯಾರೋ ಕಟ್ಟಿದ ಹಗ್ಗಗಳ ಕೆಳಗೆ ಅವಳನ್ನು ನಿಲ್ಲಿಸಿದವನು ತಾನೇ. ಇದನ್ನು ಹೇಳಿಕೊಳ್ಳುವ ಹಕ್ಕೂ ಆತನಿಗೆ ಉಳಿದಿರಲಿಲ್ಲ. ಮೂವರೂ ಹೊರಟರು. ಆತ ಮನೆಯಲ್ಲೇ ಉಳಿದ.

ಮಧ್ಯಾಹ್ನ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಾಗ ಫೋನು ಬಂತು.

“ರೀ, ಶುರು ಮಾಡ್ತಿದ್ದಾಳೆ,” ಹೆಂಡತಿ ಪಿಸುಗುಟ್ಟಿದಳು. “ಫೋನು ಅವಳ ಕಡೆ ಹಿಡಿದಿರ್ತೀನಿ. ಮಾತಾಡ್ಬೇಡಿ, ಕೇಳಿ ಅಷ್ಟೆ.”

ಆತ ಕೈ ಒರೆಸಿಕೊಂಡು ಫೋನನ್ನು ಕಿವಿಗೊತ್ತಿಕೊಂಡ. ಮಗಳ ದನಿ ಬಂತು; ಸಣ್ಣದಾಗಿ, ದೂರದಿಂದ. ಅದರ ಹಿಂದೆ ಇನ್ನೊಂದು ಸದ್ದು. ಬಿಗಿದು ಕಟ್ಟಿದ ಟಾರ್ಪಾಲು ಗಾಳಿಗೆ ಗುಂಯ್‌ಗುಡುತ್ತದೆ, ಸಡಿಲವಾದದ್ದು ಬಡಿಯುತ್ತದೆ. ಇದು ಬಡಿಯುತ್ತಿತ್ತು. ಒಂದು ಬಡಿತ, ಬಿಡುವು, ಮತ್ತೊಂದು. ಗಾಳಿ ಎಡಮೂಲೆಯಿಂದ ಒಳಹೊಕ್ಕು ಎತ್ತುತ್ತಿದೆ, ಆ ಮೂಲೆಯ ಗಂಟು ಜಾರುತ್ತಿದೆ ಎಂದು ಆತನಿಗೆ ಕಣ್ಣಿಗೆ ಕಟ್ಟಿದಂತಾಯಿತು.

“ಏಯ್,” ಎಂದ. “ಅವಳನ್ನ ಇಳಿಸು. ಕೇಳಿಸ್ತಾ? ಇಳಿಸು ಅವಳನ್ನ.”

ಹೆಂಡತಿಯ ಕಿವಿ ಫೋನಿನ ಬಳಿ ಇರಲಿಲ್ಲ. ಬಡಿತದ ಬಿಡುವುಗಳನ್ನು ಅಳೆಯುತ್ತ ಆತ ನಲ್ಲಿಯ ಪಕ್ಕ ನಿಂತೇ ಇದ್ದ. ಕೊನೆಗೆ ಚಪ್ಪಾಳೆ ಕೇಳಿಸಿತು, ಬಹಳ ಹೊತ್ತು.

“ಕೇಳಿದ್ರಾ?” ಹೆಂಡತಿಯ ದನಿ ಒದ್ದೆಯಾಗಿತ್ತು. “ಎರಡರಲ್ಲಿ ಯಾವುದು ಚೆನ್ನಾಗಿತ್ತು?”

ಎರಡು ಹಾಡಿದಳೆಂಬುದು ಆತನಿಗೆ ತಿಳಿದದ್ದು ಆಗಲೇ.

“ಎರಡೂ,” ಎಂದ. “ನೋಡು, ಮೇಲಿನ ಟಾರ್ಪಾಲು ಎಡಗಡೆ...”

“ಅಯ್ಯೋ, ಇವತ್ತೂ ಅದೇನಾ ನಿಮ್ಮದು. ತಡೀರಿ, ಜನ ಬಿಡ್ತಿಲ್ಲ, ಇನ್ನೊಂದು ಹಾಡು ಅಂತಿದ್ದಾರೆ. ಹಿಡಿದಿರ್ತೀನಿ, ಕೇಳಿ.”

ಫೋನು ಮತ್ತೆ ಅತ್ತ ತಿರುಗಿತು. ಮಗಳು ಮೂರನೆಯದನ್ನು ಎತ್ತಿಕೊಂಡಳು. ಬಡಿತಗಳ ನಡುವಿನ ಬಿಡುವು ಈಗ ಮೊದಲಿನಷ್ಟು ಇರಲಿಲ್ಲ.